ಕೆಸರಿಗಿಳಿಯದ ದಂಡು

ಹಗ್ಗ ಕತ್ತರಿಸಿದವಳು ನಾನು. ನನ್ನ ಗಂಡ ಐಶಮ್ ಅಲ್ಲ. ಸಾಬೂನು ಕೊಯ್ಯುವ ನನ್ನ ಚಾಕುವಿನಲ್ಲೇ ಕತ್ತರಿಸಿದೆ. ಹಾಡಹಗಲಲ್ಲಿ ಕತ್ತರಿಸಿದೆ. ಇಡೀ ದಂಡು ಸಾಲಾಗಿ ನಿಂತು ನೋಡುತ್ತಿತ್ತು. ಇದನ್ನು ಸೇನೆಯ ಕೋರ್ಟಿನಲ್ಲಿ ಕೂಗಿ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಅದಕ್ಕೇ ಈಗ ಹೇಳುತ್ತಿದ್ದೇನೆ.

ನನ್ನ ಹೆಸರು ಬೈನಾ. ಜಾರ್ಜಿಯಾದ ಕಡಲಂಚಿನ ಭತ್ತದ ಗದ್ದೆಯಲ್ಲಿ ಹುಟ್ಟಿದೆ. ಹೆಂಬ್ರಿ ಯಜಮಾನನ ಸ್ವತ್ತು. ಅವನ ಹಸು, ಅವನ ಹೇಸರಗತ್ತೆ, ಅವನ ಬೈನಾ. ಹೆಂಬ್ರಿಯ ಗದ್ದೆ ಎಂದರೆ ಮೊಣಕಾಲಿನವರೆಗೆ ಕೆಸರು. ನದಿಯ ನೀರನ್ನು ತೂಬು ತೆಗೆದು ಒಳಗೆ ಬಿಡಬೇಕು, ತೂಬು ಮುಚ್ಚಿ ನಿಲ್ಲಿಸಬೇಕು. ಕಾಲುವೆ ಹೂಳು ತುಂಬಿದರೆ ಚಳಿಗಾಲದಲ್ಲಿ ಇಳಿದು ಎತ್ತಬೇಕು. ಕೆಸರಿನಲ್ಲಿ ಹಾವು, ಜಿಗಣೆ, ಜ್ವರ. ಅದರಲ್ಲೇ ಹೆಂಗಸರು ಬಸುರಾದರು, ಅದರಲ್ಲೇ ಹೆತ್ತರು. ಕ್ವಾಶ್ ಎಂಬ ನಮ್ಮ ಹುಡುಗನ ಅವ್ವ ಆ ಕಾಲುವೆಯಲ್ಲೇ ಮಕಾಡೆ ಬಿದ್ದು ಸತ್ತಳು. ಮೇಲಕ್ಕೆತ್ತಿದಾಗ ಬಾಯಿ ತುಂಬ ಕೆಸರಿತ್ತು. ಮೇಸ್ತ್ರಿ ಅವತ್ತೂ ಕೆಲಸ ನಿಲ್ಲಿಸಲಿಲ್ಲ.

ಉತ್ತರದವರಿಗೂ ದಕ್ಷಿಣದವರಿಗೂ ಯುದ್ಧ ಹತ್ತಿತು. ಗುಲಾಮರನ್ನು ಇಟ್ಟುಕೊಳ್ಳುವುದಕ್ಕಾಗಿ ದಕ್ಷಿಣದವರು ಕಾದಾಡುತ್ತಿದ್ದರು. ಉತ್ತರದವರ ಹಡಗುಗಳು ನಮ್ಮ ನದಿಯ ಬಾಯಿಗೆ ಬಂದ ದಿನ ಹೆಂಬ್ರಿ ಯಜಮಾನ ಹೆಂಡತಿ, ಬೆಳ್ಳಿ ತಟ್ಟೆ, ಪಿಯಾನೊ ಎಲ್ಲ ಗಾಡಿಗೆ ಹೇರಿಕೊಂಡು ಓಡಿಹೋದ. ನಾವು ಓಡಲಿಲ್ಲ. ನಾವು ದೋಣಿ ಹತ್ತಿ ಹಡಗಿನ ಕಡೆಗೆ ಹೋದೆವು.

ದ್ವೀಪದ ಮೇಲಿನ ಶಿಬಿರದಲ್ಲಿ ಕರಿಯರ ದಂಡು ಕಟ್ಟುತ್ತಿದ್ದರು. ಬಲವಂತವಿರಲಿಲ್ಲ, ಬರುವವರು ಬರಬಹುದಿತ್ತು. ಐಶಮ್ ಮೊದಲ ದಿನವೇ ಹೋಗಿ ನಿಂತ. ಅವನ ಹಿಂದೆ ಕ್ವಾಶ್ ಹೋದ. ಕ್ವಾಶ್ ಆಗಿನ್ನೂ ಮೀಸೆ ಚಿಗುರುತ್ತಿದ್ದವನು, ಮಾತು ಕಡಿಮೆ, ಹಟ ಜಾಸ್ತಿ. ನೀಲಿ ಕೋಟು ಹಾಕಿಕೊಂಡು ಬಂದು ಐಶಮ್ ನನ್ನ ಮುಂದೆ ನಿಂತ.

"ಹೆಂಗ್ ಕಾಣ್ತೀನಿ?" ಅಂದ.

"ತೋಳು ಉದ್ದ ಆಯ್ತು. ಇಲ್ ಕೊಡು, ಮಡ್ಚಿ ಹೊಲಿತೀನಿ."

"ತೋಳು ಬುಡು. ನಾನ್ ಹೆಂಗ್ ಕಾಣ್ತೀನಿ ಹೇಳು."

ಮನುಷ್ಯನ ಹಂಗೆ ಕಾಣ್ತೀಯ ಎಂದು ಹೇಳಬೇಕೆಂದಿದ್ದೆ. ಕೋಟಿನ ಹಿತ್ತಾಳೆ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿದೆ. ಅವನು ನಕ್ಕ.

ದಂಡಿನ ಹಿಂದೆ ನಾವು ಹೆಂಗಸರೂ ಹೋದೆವು, ಬಟ್ಟೆ ಒಗೆಯುವುದಕ್ಕೆ. ಹಂಡೆಗೆ ನೀರು ತುಂಬಿ, ಬೆಂಕಿ ಹಾಕಿ, ಬೂದಿನೀರು ಹುಯ್ದು, ಕೋಲಿನಲ್ಲಿ ತಿರುವಿ, ಕಲ್ಲಿಗೆ ಬಡಿದು ಒಗೆಯಬೇಕು. ಬೂದಿನೀರಿಗೆ ನನ್ನ ಕೈಚರ್ಮ ಸುಲಿದುಹೋಯಿತು. ನಮಗೆಲ್ಲ ಹಿರಿಯಳು ಹೇಗರ್ ಅತ್ತೆ. ಅವಳ ಬಾಯಿಗೆ ಸಾರ್ಜೆಂಟರೂ ಹೆದರುತ್ತಿದ್ದರು.

ಸರ್ಕಾರದವರು ಪ್ರತಿ ದಂಡಿನ ಸೇವೆಯ ಚರಿತ್ರೆ ಬರೆದಿಡುತ್ತಾರಂತೆ. ಎಲ್ಲಿ ಸೇರಿತು, ಎಲ್ಲಿ ಕಾದಿತು, ಯಾವಾಗ ಮುಗಿಯಿತು. ನಾನು ಓದಿದವಳಲ್ಲ. ನಾನು ಬಲ್ಲ ಚರಿತ್ರೆ ಅವರ ಅಂಗಿಗಳದ್ದು. ಮೊದಲ ವರ್ಷ ಅಂಗಿಗಳಲ್ಲಿ ಬರೀ ಮಣ್ಣು. ನಮ್ಮವರ ಕೈಗೆ ಬಂದೂಕು ಕೊಟ್ಟಿದ್ದರು, ಆದರೆ ಬಂದೂಕು ಗೂಡಾರದಲ್ಲಿ ತುಕ್ಕು ಹಿಡಿಯಿತು. ದಿನವೂ ಕೈಯಲ್ಲಿ ಸಲಿಕೆ. ಬಿಳಿಯರ ದಂಡಿಗೆ ಕಂದಕ ತೋಡಿದರು. ಬಿಳಿಯರ ದಂಡಿಗೆ ಕಕ್ಕಸುಗುಂಡಿ ತೋಡಿದರು, ತುಂಬಿದಾಗ ಮುಚ್ಚಿದರು, ಮತ್ತೆ ತೋಡಿದರು. ಬಿಳಿ ಸೈನಿಕರು ದಿಬ್ಬದ ಮೇಲೆ ಕೂತು ಕಡಲೆಕಾಯಿ ಸುಲಿದು ಸಿಪ್ಪೆಯನ್ನು ಕೆಳಗೆ ಎರಚುತ್ತಿದ್ದರು.

"ಏ ನೀಲಿಕೋಟು, ಚೆನ್ನಾಗಿ ತೋಡು! ನಾಳೆ ನಮ್ಮ ಕರ್ನಲ್ ಕೂರ್ಬೇಕು ಅದರ ಮೇಲೆ!"

ಐಶಮ್ ಒಂದು ಸಲ ತಲೆಯೆತ್ತಿ ಹೇಳಿದ: "ಕೂರ್ಲಿ ಸಾರ್. ಅವ್ರು ಕೂತ್ಮೇಲೆ ನಾವು ಬಂದೂಕ ಹಿಡ್ಕೊಂಡ್ ಮುಂದುಕ್ ಹೋಗ್ತೀವಿ." ಅದಕ್ಕೆ ಅವನನ್ನು ಒಂದು ದಿನ ಪೂರ್ತಿ ಪೀಪಾಯಿಯ ಮೇಲೆ ನಿಲ್ಲಿಸಿದರು.

ಎರಡನೆಯ ವರ್ಷ ಅಂಗಿಗಳಲ್ಲಿ ರಕ್ತ. ಒಂದು ಮಧ್ಯಾಹ್ನ ಜೌಗುನೆಲ ದಾಟಿ ದಕ್ಷಿಣದವರ ಕೋಟೆಯ ಮೇಲೆ ಏರಿಹೋಗಿ ಎಂದರು. ನೆಲ ಹೇಗಿದೆ ಎಂದು ಯಾರೂ ನೋಡಿ ಬಂದಿರಲಿಲ್ಲ. ನಮ್ಮವರು ಸೊಂಟದವರೆಗೆ ಹೂತುಹೋದರು. ಮೇಲಿನಿಂದ ಗುಂಡು ಸುರಿಯಿತು. ಹೋದವರಲ್ಲಿ ಅರ್ಧ ಜನ ಬರಲಿಲ್ಲ. ನಮ್ಮ ಕರ್ನಲ್ ಒಳ್ಳೆಯವನಿದ್ದ, ಎಲ್ಲರಿಗಿಂತ ಮುಂದೆ ಹೋದ, ಅವನೂ ಬರಲಿಲ್ಲ. ಐಶಮ್ ಕ್ವಾಶನನ್ನು ಹೆಗಲ ಮೇಲೆ ಹಾಕಿಕೊಂಡು ಬಂದ. ಕ್ವಾಶನ ತೊಡೆಯಲ್ಲಿ ಗುಂಡು ಸಿಕ್ಕಿತ್ತು. ಆ ವಾರ ಹಂಡೆಯ ನೀರು ಎಷ್ಟು ಸಲ ಚೆಲ್ಲಿದರೂ ಕೆಂಪಾಗಿಯೇ ಇರುತ್ತಿತ್ತು. ಸತ್ತವರ ಅಂಗಿಗಳನ್ನು ನಾವೇ ಒಗೆದೆವು. ತೂತುಗಳಿಗೆ ತೇಪೆ ಹಾಕಿ ಹೊಸಬರಿಗೆ ಕೊಟ್ಟರು.

ಏಪ್ರಿಲ್‌ನಲ್ಲಿ ಯುದ್ಧ ಮುಗಿಯಿತು. ನಾವು ಗೆದ್ದೆವು ಎಂದರು. ಮನೆಗೆ ಕಳಿಸುತ್ತಾರೆ, ಗದ್ದೆ ಹಂಚುತ್ತಾರೆ ಎಂದು ಕಾದೆವು. ಬದಲಿಗೆ ದಂಡನ್ನು ನಮ್ಮ ನದಿಯ ದಡದ ಊರಿಗೆ ತಂದು ಇಳಿಸಿದರು, ಹೊಸ ಕರ್ನಲ್ ಬಂದ. ಸ್ಟ್ರಾಟನ್ ಅಂತ ಹೆಸರು. ಉತ್ತರದವನೇ. ಗುಲಾಮರನ್ನು ಇಟ್ಟುಕೊಂಡವನಲ್ಲ. ಅವನಿಗೆ ನಮ್ಮ ಮೇಲೆ ಕೋಪವೂ ಇರಲಿಲ್ಲ. ನಮ್ಮನ್ನು ನೋಡುವಾಗ ಅವನು ಬೇರೇನನ್ನೋ ನೋಡುತ್ತಿದ್ದ, ನಮ್ಮ ಹಿಂದಿನ ಗೋಡೆಯನ್ನೋ ಮರವನ್ನೋ. ಊರಿನ ದೊಡ್ಡ ಮನೆಗಳವರು ಅವನನ್ನು ಊಟಕ್ಕೆ ಕರೆಯತೊಡಗಿದರು. ಓಡಿಹೋಗಿದ್ದ ಹೆಂಬ್ರಿ ಯಜಮಾನ ವಾಪಸು ಬಂದ. ಅವನೂ ಕರೆದ.

ಜುಲೈನಲ್ಲಿ ಹೆಂಬ್ರಿಗೆ ಅವನ ಗದ್ದೆ ವಾಪಸು ಸಿಕ್ಕಿತು. ಗದ್ದೆ ಸಿಕ್ಕಿತು, ಇಳಿಯುವ ಕಾಲು ಸಿಗಲಿಲ್ಲ. ಕಾಲುವೆ ಹೂಳು ತುಂಬಿತ್ತು, ಏರಿ ಒಡೆದಿತ್ತು. ಕರ್ನಲ್ ಸ್ಟ್ರಾಟನ್ ಒಂದು ಬೆಳಿಗ್ಗೆ ಐಶಮ್ ಇದ್ದ ತುಕಡಿಯನ್ನು ಸಾಲಾಗಿ ನಿಲ್ಲಿಸಿದ. ಐಶಮ್ ಅಷ್ಟರಲ್ಲಿ ಕಾರ್ಪೊರಲ್ ಆಗಿದ್ದ. ಎಲ್ಲರ ಕೈಗೂ ಸಲಿಕೆ ಕೊಟ್ಟರು. ಎರಡು ಮೈಲಿ ನಡೆಸಿಕೊಂಡು ಹೋದರು. ಯಾವ ಕಡೆಗೆ ಎಂದು ದಾರಿ ತಿರುಗಿದಾಗಲೇ ಎಲ್ಲರಿಗೂ ಗೊತ್ತಾಯಿತು.

ಏರಿಯ ಮೇಲೆ ಹೆಂಬ್ರಿ ಯಜಮಾನ ಹುಲ್ಲಿನ ಟೊಪ್ಪಿ ಹಾಕಿಕೊಂಡು ನಿಂತಿದ್ದ. "ಬಂದ್ರಾ? ಬನ್ನಿ, ಬನ್ನಿ. ನಿಮಗೆ ಹೇಳ್ಕೊಡೋ ಹಂಗೇನಿಲ್ಲವಲ್ಲ," ಅಂದನಂತೆ. ನೀಲಿ ಕೋಟುಗಳನ್ನು ಕಳಚಿ ಏರಿಯ ಮೇಲೆ ಇಡಲು ಕರ್ನಲ್ ಹೇಳಿದ. ಕೊಳೆಯಾಗಬಾರದಲ್ಲ. ಒಬ್ಬೊಬ್ಬರೇ ಕಳಚಿದರು. ಒಬ್ಬೊಬ್ಬರೇ ಇಳಿದರು. ಐಶಮ್ ಕೂಡ ಇಳಿದ. ಇದನ್ನು ಅವನೇ ನನಗೆ ಹೇಳಿದ, ನೆಲ ನೋಡಿಕೊಂಡು ಹೇಳಿದ.

ಕ್ವಾಶ್ ಇಳಿಯಲಿಲ್ಲ. ಕೋಟಿನ ಗುಂಡಿಯನ್ನೂ ಬಿಚ್ಚಲಿಲ್ಲ.

"ಇಳಿ," ಅಂದ ಕರ್ನಲ್.

"ಇಳಿಯಾಕಿಲ್ಲ."

"ಯಾಕೆ? ಕಾಲು ನೋವಾ?"

"ಕಾಲು ಸರ್ಯಾಗೈತೆ."

"ಮತ್ತೆ?"

"ಆ ಕಾಲುವೇಲಿ ನಮ್ಮವ್ವ ಸತ್ತದ್ದು. ಇವ್ರ ಕೆಲ್ಸ ಮಾಡ್ತಾ ಸತ್ತದ್ದು. ನಾನ್ ಸರ್ಕಾರಿ ಸೈನಿಕ. ಕೋಟೆ ಮ್ಯಾಕ್ ಹೋಗು ಅನ್ನಿ, ವಾಪ್ಸು ಹೋಯ್ತೀನಿ. ಇವ್ರ ಕೆಸ್ರುಗೆ ಇಳಿಯಾಕಿಲ್ಲ."

ಹೆಂಬ್ರಿ ಯಜಮಾನ ನಕ್ಕು, "ಇವನು ಮೊದಲಿಂದಲೂ ಹೀಗೇ, ಕರ್ನಲ್ ಸಾಹೇಬ್ರೆ," ಅಂದನಂತೆ. ಆ ನಗುವೇ ಕ್ವಾಶನಿಗೆ ಮುಳುವಾಯಿತು. ಯಜಮಾನ ನಗದೆ ಇದ್ದಿದ್ದರೆ ಕರ್ನಲ್ ಅಷ್ಟು ಕೆಂಪಾಗುತ್ತಿರಲಿಲ್ಲ ಎಂದು ಐಶಮ್ ಹೇಳುತ್ತಿದ್ದ.

ಮಾರನೆಯ ದಿನ ಬೆಳಿಗ್ಗೆ ಶಿಬಿರದ ನಡುವಿನ ಓಕ್ ಮರಕ್ಕೆ ಕ್ವಾಶನನ್ನು ಕಟ್ಟಿದರು. ಹೆಬ್ಬೆರಳು ಕಟ್ಟಿ ತೂಗುಹಾಕುವುದು ಎಂದರೆ ಏನು ಎಂದು ನೋಡದವರಿಗೆ ಗೊತ್ತಾಗುವುದಿಲ್ಲ. ಎರಡೂ ಹೆಬ್ಬೆರಳಿಗೆ ತೆಳ್ಳನೆಯ ಹಗ್ಗ ಬಿಗಿದು, ಹಗ್ಗವನ್ನು ಕೊಂಬೆಯ ಮೇಲೆ ಹಾಯಿಸಿ ಎಳೆಯುತ್ತಾರೆ. ಕಾಲ ಬೆರಳ ತುದಿ ಮಾತ್ರ ನೆಲಕ್ಕೆ ತಾಕಬೇಕು. ಇಡೀ ಮೈಯ ಭಾರ ಎರಡು ಹೆಬ್ಬೆರಳ ಮೇಲೆ. ಮೊದಲು ಬೆರಳು ಕೆಂಪಾಗುತ್ತದೆ. ಆಮೇಲೆ ನೀಲಿ. ಆಮೇಲೆ ಕಪ್ಪು. ನಾವು ಮೊದಲೇ ಕರಿಯರು, ಆದರೂ ಆ ಕಪ್ಪು ಬೇರೆ.

ದಂಡನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು. ನೋಡಿ ಕಲಿಯಲಿ ಎಂದು. ಬಿಸಿಲು ಏರಿತು. ಕ್ವಾಶ್ ಮೊದಲು ಹಲ್ಲು ಕಚ್ಚಿಕೊಂಡಿದ್ದ. ಆಮೇಲೆ ಕೂಗಿದ. ಆಮೇಲೆ ಕೂಗು ನಿಂತಿತು, ಬಾಯಿಂದ ಕರುವಿನ ಹಾಗೆ ಒಂದು ಸದ್ದು ಬರತೊಡಗಿತು. ಷರಾಯಿ ಒದ್ದೆಯಾಯಿತು. ಗುಂಡು ತಿಂದ ಕಾಲು ನಡುಗಿ ನಡುಗಿ ನೆಲ ತಪ್ಪುತ್ತಿತ್ತು. ತಪ್ಪಿದಾಗಲೆಲ್ಲ ಹೆಬ್ಬೆರಳು ಲಟಕ್ಕೆನ್ನುತ್ತಿತ್ತು.

ನಮ್ಮ ಹಂಡೆಗಳು ಅಲ್ಲೇ ಬೇಲಿಯ ಪಕ್ಕದಲ್ಲಿದ್ದವು. ನಾವು ಒಗೆಯುತ್ತಿದ್ದೆವು. ಒಗೆಯಬೇಕಿತ್ತು. ಆ ದಿನ ಹಂಡೆಯಲ್ಲಿದ್ದದ್ದು ಕರ್ನಲ್‌ನ ಅಂಗಿಗಳು.

ಐಶಮ್ ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದ. ಸಲ್ಯೂಟ್ ಹೊಡೆದ.

"ಸಾರ್, ಕೆಳಕ್ ಇಳ್ಸಿ ಸಾರ್. ಸಾಕು. ಅವ್ನು ಕೋಟೇಲಿ ಗುಂಡು ತಿಂದೋನು."

"ಸಾಲಿಗೆ ಹೋಗು."

"ಸಾರ್, ಇದನ್ನ ಹಳೇ ಯಜಮಾನ್ರು ಮಾಡ್ತಿದ್ರು. ಸರ್ಕಾರ ಮಾಡ್ಬಾರ್ದು."

ಕರ್ನಲ್ ಸೊಂಟದಿಂದ ಪಿಸ್ತೂಲು ತೆಗೆದ. "ಸಾಲಿಗೆ ಹೋಗು ಅಂದೆ."

ಐಶಮ್ ಹಿಂದಕ್ಕೂ ಹೋಗಲಿಲ್ಲ, ಮುಂದಕ್ಕೂ ಬರಲಿಲ್ಲ. ಸಾಲಿನಲ್ಲಿ ಗುಜುಗುಜು ಎದ್ದಿತು. ಎಲ್ಲರೂ ಐಶಮನನ್ನೂ ಪಿಸ್ತೂಲನ್ನೂ ನೋಡುತ್ತಿದ್ದರು. ಕ್ವಾಶನನ್ನು ಯಾರೂ ನೋಡುತ್ತಿರಲಿಲ್ಲ. ನನ್ನನ್ನಂತೂ ಯಾರೂ ನೋಡುತ್ತಿರಲಿಲ್ಲ. ಬಟ್ಟೆ ಒಗೆಯುವವಳನ್ನು ಯಾರು ನೋಡುತ್ತಾರೆ?

ಹೇಗರ್ ಅತ್ತೆ ನನ್ನ ಲಂಗ ಹಿಡಿದಳು. "ಎಲ್ಲಿಗೇ?"

"ಬುಡತ್ತೆ."

"ಹೊಟ್ಟೇಲಿ ಕೂಸೈತೆ ಕಣೇ."

"ಐತೆ. ಅದ್ಕೇಯ."

ನಡೆದುಕೊಂಡು ಹೋದೆ. ಓಡಲಿಲ್ಲ. ಕೈಯಲ್ಲಿ ಸಾಬೂನಿನ ಚಾಕು ಇತ್ತು, ಕೈಯೆಲ್ಲ ಸಾಬೂನಿನ ಜಾರು ಇತ್ತು. ಮರದ ಹತ್ತಿರ ಹೋಗಿ ಕೈ ಎತ್ತಿ ಹಗ್ಗ ಹಿಡಿದು ಕೊಯ್ದೆ. ಮೂರು ಎಳೆಯ ಹಗ್ಗ. ಎರಡು ಎಳೆ ಕೂಡಲೇ ಹೋಯಿತು, ಮೂರನೆಯದಕ್ಕೆ ಚಾಕು ಜಾರಿತು. ಮತ್ತೆ ಕೊಯ್ದೆ. ಕ್ವಾಶ್ ನನ್ನ ಮೇಲೆ ಬಿದ್ದ. ಇಬ್ಬರೂ ಮಣ್ಣಿಗೆ ಬಿದ್ದೆವು.

ಆಗ ಕರ್ನಲ್ ತಿರುಗಿ ನೋಡಿದ. ಪಿಸ್ತೂಲನ್ನು ನಮ್ಮ ಕಡೆಗೆ ತಿರುಗಿಸಿದ. ಐಶಮ್ ಹಾರಿ ಅವನ ಮಣಿಕಟ್ಟು ಹಿಡಿದ. ಗುಂಡು ಮರದ ಎಲೆಗಳೊಳಗೆ ಹೋಯಿತು. ಸಾಲು ಒಡೆಯಿತು. ಐಶಮನ ಗೂಡಾರದ ಮೂವರು ಬಂದೂಕೆತ್ತಿ ಕರ್ನಲ್‌ಗೆ ಗುರಿಯಿಟ್ಟರು. ಹೊಡೆಯಲಿಲ್ಲ. ಗುರಿಯಿಟ್ಟು ನಿಂತರು, ಅಷ್ಟೆ. ಅವರ ಹೆಸರು ಹೇಳುತ್ತೇನೆ. ಕೇಟೊ. ಸಿಪಿಯೊ. ಲಿಟಲ್ ಬಾಬ್.

ಅಷ್ಟರಲ್ಲಿ ಊರ ಆಚೆ ಬೀಡುಬಿಟ್ಟಿದ್ದ ಬಿಳಿಯರ ದಂಡು ಓಡಿಬಂತು. ನಮ್ಮವರ ಬಂದೂಕುಗಳನ್ನು ಕಸಿದುಕೊಂಡರು.

ಕೋರ್ಟು ಊರಿನ ಚರ್ಚಿನಲ್ಲಿ ನಡೆಯಿತು. ಬಲಿಪೀಠದ ಮುಂದೆ ಮೇಜು, ಮೇಜಿನ ಹಿಂದೆ ಅಧಿಕಾರಿಗಳು. ನಾನು ಒಳಗೆ ನುಗ್ಗಿದೆ. ಬಾಗಿಲಲ್ಲಿದ್ದವನು ತೋಳು ಹಿಡಿದ, ಕೊಸರಿಕೊಂಡು ಮುಂದೆ ಹೋದೆ.

"ಹಗ್ಗ ಕುಯ್ದಿದ್ದು ನಾನು!"

ನಡುವೆ ಕೂತಿದ್ದ ಮೇಜರ್ ಕನ್ನಡಕ ತೆಗೆದು ಒರೆಸಿದ. "ಯಾರಿವಳು?"

"ಬಟ್ಟೆ ಒಗೆಯೋಳು, ಸರ್."

"ನೋಡು ಹೆಂಗಸೇ, ಇದು ದಂಗೆಯ ಕೇಸು. ದಂಗೆ ಏಳೋದು ಸೈನಿಕರು. ನೀನು ಸೈನಿಕಳಲ್ಲ."

"ಎರಡ್ ವರ್ಷ ಈ ದಂಡಿನ ಹಿಂದೆ ನಡ್ದಿವ್ನಿ. ಇವ್ರ ರಕ್ತ ಒಗ್ದಿವ್ನಿ. ಕುಯ್ದಿದ್ದು ಈ ಕೈ. ನೋಡಿ."

ಕೈ ಮುಂದೆ ಚಾಚಿದೆ. ಮೇಜರ್ ನೋಡಲಿಲ್ಲ. ಬರೆದುಕೊಳ್ಳುತ್ತಿದ್ದವನು ಪೆನ್ನು ಮಸಿಯಲ್ಲಿ ಅದ್ದಿ ಸುಮ್ಮನೆ ಹಿಡಿದುಕೊಂಡಿದ್ದ.

"ಕರ್ನಲ್ ಸ್ಟ್ರಾಟನ್, ಇದು ನಿಜವಾ?"

ಕರ್ನಲ್‌ನ ಕತ್ತು ಕೆಂಪಾಯಿತು. ದಂಡಿನ ಎದುರಿಗೆ ಬಸುರಿ ಹೆಂಗಸೊಬ್ಬಳು ಸಾಬೂನಿನ ಚಾಕು ಹಿಡಿದು ಬಂದು ತನ್ನ ಶಿಕ್ಷೆಯನ್ನು ಬಿಚ್ಚಿಹಾಕಿದಳು ಎಂದು ಅವನು ಹೇಗೆ ಹೇಳುತ್ತಾನೆ? "ನಾನು ಯಾವ ಹೆಂಗಸನ್ನೂ ನೋಡಲಿಲ್ಲ," ಅಂದ.

ಮೇಜರ್ ಐಶಮ್ ಕಡೆಗೆ ತಿರುಗಿದ. "ಹಗ್ಗ ಕತ್ತರಿಸಿದವನು ಯಾರು?"

ಐಶಮ್ ನನ್ನನ್ನು ನೋಡಲಿಲ್ಲ. "ನಾನೇ ಸಾರ್."

"ಸುಳ್ಳು!" ಅಂತ ಕಿರುಚಿದೆ. ಇಬ್ಬರು ನನ್ನ ಕಂಕುಳಿಗೆ ಕೈಹಾಕಿ ಎಳೆದು ಮೆಟ್ಟಿಲ ಕೆಳಗೆ ತಳ್ಳಿದರು. ಬಾಗಿಲು ಹಾಕಿಕೊಂಡಿತು.

ಕ್ವಾಶನ ಹೆಬ್ಬೆರಳುಗಳನ್ನು ಡಾಕ್ಟರು ಅಷ್ಟರಲ್ಲಿ ಕತ್ತರಿಸಿ ತೆಗೆದಿದ್ದ. ಅವನಿಗೆ ಹತ್ತು ವರ್ಷ ಕಲ್ಲು ಒಡೆಯುವ ಶಿಕ್ಷೆ. ಹೆಬ್ಬೆರಳಿಲ್ಲದವನು ಸುತ್ತಿಗೆ ಹೇಗೆ ಹಿಡಿಯುತ್ತಾನೆ ಎಂದು ಯಾರೂ ಕೇಳಲಿಲ್ಲ. ದೂರದ ದ್ವೀಪದ ಜೈಲಿಗೆ ಕರೆದೊಯ್ದರು. ಆಮೇಲೆ ಅವನ ಸುದ್ದಿ ಬರಲಿಲ್ಲ. ಐಶಮ್, ಕೇಟೊ, ಸಿಪಿಯೊ, ಲಿಟಲ್ ಬಾಬ್, ಈ ನಾಲ್ವರಿಗೆ ಗುಂಡು.

ಅವರನ್ನು ಹಳೆಯ ಭತ್ತದ ಉಗ್ರಾಣದಲ್ಲಿ ಕೂಡಿಹಾಕಿದ್ದರು. ಕಾವಲಿನವನು ಹಲಗೆಯ ಸಂದಿಯಲ್ಲಿ ಮಾತಾಡಲು ಬಿಟ್ಟ. ಒಳಗಿನಿಂದ ಐಶಮನ ಒಂದು ಕಣ್ಣು ಮಾತ್ರ ಕಾಣುತ್ತಿತ್ತು. ನಾನು ಅಳಲು ಹೋಗಿರಲಿಲ್ಲ. ಬೈಯಲು ಹೋಗಿದ್ದೆ.

"ಯಾಕಂಗಂದೆ?"

"ಕರ್ನಲ್ ಕೈ ಹಿಡ್ದಿವ್ನಿ ಬೈನಾ. ಅದೊಂದೇ ಸಾಕು ಅವ್ರಿಗೆ. ಹೆಂಗಿದ್ರೂ ಹೋಗೋ ಜೀವ. ಹಗ್ಗನೂ ನನ್ ತಲೆ ಮ್ಯಾಲಿರ್ಲಿ ಬುಡು."

"ಅದು ನಂದು."

"ಏನು ನಿಂದು?"

"ಆ ಕೆಲ್ಸ. ಹುಟ್ದಾಗಿಂದ ನಾನ್ ಮಾಡಿದ್ದೆಲ್ಲ ಯಾರೋ ಹೇಳಿ ಮಾಡ್ಸಿದ್ದು. ಯಾರೂ ಹೇಳ್ದೆ ಮಾಡಿದ್ದು ಅದೊಂದೇಯ. ಅದ್ನೂ ನೀನು ಕಿತ್ಕೊಂಡ್ಯಲ್ಲ."

ಕಣ್ಣು ಸಂದಿಯಿಂದ ಸರಿದುಹೋಯಿತು. ಆಮೇಲೆ ಸಂದಿಯಲ್ಲಿ ಎರಡು ಬೆರಳು ಬಂದವು. ಹಿಡಿದುಕೊಂಡೆ.

"ತಪ್ಪಾಯ್ತು ಕಣೆ," ಅಂದ. "ನನ್ಗೆ ಅದು ಹೊಳೀಲಿಲ್ಲ. ಕೂಸು ಒಂದು ಉಳೀಲಿ ಅಂತ ಅಷ್ಟೇಯ."

"ನೀನು?"

"ನನ್ಗೇನೀಗ? ಗದ್ದೇಲಿ ಜ್ವರ ಬಂದು ಸಾಯ್ಬೇಕಿತ್ತು. ಕೋಟೇಲಿ ಸಾಯ್ಬೇಕಿತ್ತು. ಸಾಯ್ಲಿಲ್ಲ." ಬಾಯಿ ಸಂದಿಗೆ ತಂದು ಹೇಳಿದ: "ಹೆದ್ರಿಕೆ ಆಯ್ತದೆ ಬೈನಾ. ಯಾರ್ಗೂ ಹೇಳ್ಬೇಡ."

ಹೇಳುವುದಿಲ್ಲ ಎಂದೆ. ಈಗ ಹೇಳುತ್ತಿದ್ದೇನೆ. ಅವನು ಕಲ್ಲಾಗಿರಲಿಲ್ಲ ಎಂದು ನೀವು ತಿಳಿಯಬೇಕು.

ಬೆಳಿಗ್ಗೆ ಎಂಟು ಗಂಟೆಗೆ ಮರಳ ದಂಡೆಯ ಮೇಲೆ ನಾಲ್ಕು ಹೆಣದ ಪೆಟ್ಟಿಗೆ ಇಟ್ಟು, ಒಬ್ಬೊಬ್ಬರನ್ನು ಅವರವರ ಪೆಟ್ಟಿಗೆಯ ಮೇಲೆ ಕೂರಿಸಿದರು. ನಮ್ಮ ದಂಡನ್ನು ಬರಿಗೈಯಲ್ಲಿ ಎದುರು ನಿಲ್ಲಿಸಿದರು. ನಮ್ಮವರ ಬೆನ್ನಿಗೆ ಬಿಳಿಯರ ದಂಡು ತುಪಾಕಿ ಹಿಡಿದು ನಿಂತಿತು. ಲಿಟಲ್ ಬಾಬ್ ಅವ್ವಾ ಎಂದು ಅಳುತ್ತಿದ್ದ. ಐಶಮ್ ಅವನ ಕಡೆಗೆ ವಾಲಿ ಭುಜಕ್ಕೆ ಭುಜ ತಾಗಿಸಿದ. ಗುಂಡಿನ ಸದ್ದಿಗೆ ನದಿಯ ಬೆಳ್ಳಕ್ಕಿಗಳೆಲ್ಲ ಎದ್ದವು. ಸಿಪಿಯೊ ಒಂದೇ ಸಲಕ್ಕೆ ಸಾಯಲಿಲ್ಲ. ಒಬ್ಬ ಹತ್ತಿರ ಹೋಗಿ ಮತ್ತೆ ಹೊಡೆದ.

ಹೆಣ ಕೊಡಿ ಎಂದೆ. ಕೊಡಲಿಲ್ಲ. ಮಧ್ಯಾಹ್ನ ಒಬ್ಬ ಅರ್ದಲಿ ಬಂದು ಕರ್ನಲ್‌ನ ಬಟ್ಟೆಯ ಗಂಟನ್ನು ನನ್ನ ಮುಂದೆ ಹಾಕಿ, ನಾಳೆಗೆ ಬೇಕಂತೆ ಎಂದ. ಹೇಗರ್ ಅತ್ತೆ ಎದ್ದು ಗಂಟನ್ನು ಎತ್ತಿ ಅವನ ಎದೆಗೆ ಎಸೆದಳು.

"ಹೋಗಿ ಹೇಳು ನಿನ್ ಕರ್ನಲ್‌ಗೆ. ಗುಂಡು ಹೊಡೆಯೋಕೆ ಬರ್ತದಲ್ಲ, ಒಗೆಯೋಕೂ ಬರ್ತದೆ. ಅವ್ನೇ ಒಗ್ಕೊಳ್ಲಿ ಅಂತ ಹೇಳು."

ನಮ್ಮನ್ನು ಶಿಬಿರದಿಂದ ಹೊರಗೆ ಹಾಕಿದರು. ಹಂಡೆಗಳನ್ನು ಕಸಿದುಕೊಂಡರು.

ಅದಾದ ಸೋಮವಾರ ಕರ್ನಲ್ ದಂಡನ್ನೆಲ್ಲ ಹೆಂಬ್ರಿಯ ಗದ್ದೆಗೆ ನಡೆಸಿದ. ಪಾಠ ಕಲಿತರೋ ಇಲ್ಲವೋ ನೋಡಬೇಕಿತ್ತು ಅವನಿಗೆ. ನಾವು ಹೆಂಗಸರು ದೂರದಿಂದ ಹಿಂಬಾಲಿಸಿದೆವು. ಏರಿಯ ಉದ್ದಕ್ಕೂ ನಮ್ಮವರು ನಿಂತರು. ಕೈಯಲ್ಲಿ ಸಲಿಕೆ. ಕೋಟು ಕಳಚಿ ಎಂದರು. ಯಾರೂ ಕಳಚಲಿಲ್ಲ. ಇಳಿಯಿರಿ ಎಂದರು. ಯಾರೂ ಇಳಿಯಲಿಲ್ಲ. ಬೈಗುಳವಿಲ್ಲ, ಕೂಗಿಲ್ಲ. ಸುಮ್ಮನೆ ನಿಂತರು. ಕರ್ನಲ್ ಕುದುರೆಯ ಮೇಲೆ ಏರಿಯ ಆ ತುದಿಯಿಂದ ಈ ತುದಿಗೆ ಹೋದ, ಮತ್ತೆ ಬಂದ. ಪಿಸ್ತೂಲು ತೆಗೆದ. ಯಾರಿಗೆ ಗುರಿಯಿಡುವುದು ಎಂದು ತಿಳಿಯಲಿಲ್ಲ. ಹೆಂಬ್ರಿ ಯಜಮಾನ ಟೊಪ್ಪಿಯಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದ. ಈ ಸಲ ನಗಲಿಲ್ಲ. ಬಿಸಿಲಿಗೆ ಇಬ್ಬರು ಮೂವರು ಕುಸಿದರು. ಏರಿಯ ಮೇಲೇ ಕುಸಿದರು, ಕೆಸರಿನ ಕಡೆಗಲ್ಲ. ಸಂಜೆ ಕರ್ನಲ್ ದಂಡನ್ನು ವಾಪಸು ನಡೆಸಿದ.

ತಿಂಗಳೊಳಗೆ ದಂಡನ್ನು ಬರಖಾಸ್ತು ಮಾಡಿದರು. ಕೋಟು ಇಟ್ಟುಕೊಳ್ಳಿ, ಮನೆಗೆ ಹೋಗಿ ಎಂದರು. ಯಾವ ಮನೆ? ಗುಡಿಸಲು ಹೆಂಬ್ರಿಯದು. ಗುಡಿಸಲು ನಿಂತ ನೆಲ ಹೆಂಬ್ರಿಯದು. ಹೊಳೆಯಲ್ಲಿ ತಿನ್ನಲು ಸಿಗುವ ಸಿಂಪಿಯನ್ನೂ ಮುಟ್ಟಬೇಡಿ ಎಂದು ಕಾವಲು ಹಾಕಿದ್ದ. ಕೆಲಸವಿಲ್ಲದೆ ದಾರಿಯಲ್ಲಿ ಸಿಕ್ಕ ಕರಿಯನನ್ನು ಹಿಡಿದು ಜೈಲಿಗೆ ಹಾಕುವ ಕಾನೂನು ಬಂತು. ನಮ್ಮವರು ಕಾಡಿನ ಅಂಚಿನಲ್ಲಿ ಪೈನ್ ಮರದ ರೆಂಬೆ ಹೊದಿಸಿಕೊಂಡು ಮಲಗಿದರು. ನವೆಂಬರ್‌ನಲ್ಲಿ ಮಕ್ಕಳು ಸಾಯತೊಡಗಿದವು. ನನ್ನ ಮಗಳು ಡಿಸೆಂಬರ್‌ನಲ್ಲಿ ಹುಟ್ಟಿದಳು. ಬದುಕಿದಳು. ಎದೆಯಲ್ಲಿ ಹಾಲಿರಲಿಲ್ಲ. ಚೀಪಿ ಚೀಪಿ ರಕ್ತ ಬರಿಸುತ್ತಿದ್ದಳು.

ಜನವರಿಯಲ್ಲಿ ನಾನು ಹೆಂಬ್ರಿಯ ಏರಿಗೆ ಹೋದೆ. ಕೂಲಿ ದಿನಕ್ಕೆ ಒಂದು ಸೇರು ಮುಸುಕಿನ ಜೋಳದ ಹಿಟ್ಟು, ವಾರಕ್ಕೊಂದು ತುಂಡು ಉಪ್ಪು ಹಾಕಿದ ಹಂದಿಮಾಂಸ. ಅಲ್ಲಿ ಆಗಲೇ ಬಹಳ ಜನ ನಿಂತಿದ್ದರು. ದಂಡಿನ ಗಂಡಸರು. ಆ ಸೋಮವಾರ ಇಡೀ ದಿನ ಬಿಸಿಲಲ್ಲಿ ನಿಂತವರು. ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಗಳನ್ನು ಏರಿಯ ಮೇಲೆ ಐಶಮನ ಹಳೆಯ ಕಂಬಳಿಯಲ್ಲಿ ಸುತ್ತಿ ಮಲಗಿಸಿದೆ. ಲಂಗ ಎತ್ತಿ ಕಟ್ಟಿದೆ. ಇಳಿದೆ.

ಕೆಸರು ಮಂಜಿನ ಹಾಗೆ ಕೊರೆಯಿತು. ಮೊಣಕಾಲು ದಾಟಿತು. ನನ್ನ ಪಕ್ಕದಲ್ಲಿ ಹೇಗರ್ ಅತ್ತೆ ಇಳಿದಳು. ಆಚೆಗೆ ಗಂಡಸರು ಇಳಿದರು. ಕಾಲುವೆಯ ಉದ್ದಕ್ಕೂ ತಲೆಗಳು ಬಾಗಿದವು. ಸಲಿಕೆ ಕೆಸರಿಗೆ ಹಾಕಿದೆವು, ಎತ್ತಿದೆವು, ಏರಿಗೆ ಎಸೆದೆವು.

ಹೆಂಬ್ರಿ ಯಜಮಾನ ಮೇಲೆ ನಿಂತು ಸ್ವಲ್ಪ ಹೊತ್ತು ನೋಡಿದ. ಅವನಿಗೆ ಏನೋ ಸರಿಬರಲಿಲ್ಲ.

"ಏನ್ರೋ, ಹೆಣ ಎತ್ತೋರ ಹಾಗಿದೀರಲ್ಲ. ಮೊದಲೆಲ್ಲ ಹಾಡ್ತಿದ್ರಿ. ಹಾಡಿ."

ಸಲಿಕೆಗಳು ನಿಲ್ಲಲಿಲ್ಲ. ಯಾರೂ ಹಾಡಲಿಲ್ಲ.

"ಹೇಗರ್, ನೀನು ಶುರು ಮಾಡು. ನಿನ್ನ ಗಂಟಲು ಹೊಳೆಯಾಚೆಗೂ ಕೇಳ್ತಿತ್ತು."

"ಗಂಟ್ಲು ಕಟ್ಟೈತೆ, ಯಜಮಾನ್ರೆ."

"ಯಾವಾಗಿಂದ?"

"ನಾಲ್ಕ್ ಜನಕ್ಕೆ ಗುಂಡು ಹೊಡ್ದ್ರಲ್ಲ, ಅವತ್ತಿಂದ."

ಅವನು ಉಳಿದವರ ಕಡೆಗೆ ತಿರುಗಿದ. ಹಾಡದವರಿಗೆ ಹಿಟ್ಟು ಇಲ್ಲ ಎಂದ. ಏರಿಯ ಮೇಲೆ ಮಗಳು ಅಳತೊಡಗಿದಳು. ನಾನು ತಲೆಯೆತ್ತಿ ಅವನನ್ನು ನೋಡಿದೆ. ನನ್ನ ಆಚೆ ಈಚೆ ಎಲ್ಲರೂ ತಲೆಯೆತ್ತಿದರು. ಕೆಸರು ಮೆತ್ತಿದ ಮುಖಗಳು, ಮುಚ್ಚಿದ ಬಾಯಿಗಳು. ಅವನು ಹಾಡಿ ಎಂದು ಮತ್ತೊಮ್ಮೆ ಕೂಗಿದ. ದನಿ ಒಡೆದಿತ್ತು. ನಾವು ಬಗ್ಗಿ ಸಲಿಕೆ ಹಾಕಿದೆವು.